ಎಲೆಅಡಿಕೆ ಚೀಲದ ಮಾತ್ರೆಗಳು

ಅರವತ್ತರ ದಶಕದಲ್ಲಿ ಯಲಹಂಕದ ಹತ್ತಿರದ ಒಂದು ವೃದ್ಧಾಶ್ರಮದಲ್ಲಿ ನಾನು ಆಯಾ ಆಗಿದ್ದೆ. ಬೆಳಿಗ್ಗೆ ಆರಕ್ಕೆ ಮಾತ್ರೆ ಹಂಚುವುದು, ಹಾಳೆಯಲ್ಲಿ ಹೆಸರಿನ ಮುಂದೆ ಗುರುತು ಹಾಕುವುದು ನನ್ನ ಕೆಲಸ. ಶನಿವಾರ ಶನಿವಾರ ಬರುತ್ತಿದ್ದ ಡಾಕ್ಟರು ಆ ಹಾಳೆ ನೋಡಿಯೇ ಮುಂದಿನ ಔಷಧಿ ಬರೆಯುತ್ತಿದ್ದರು. ನನ್ನ ಹಾಳೆಯಲ್ಲಿ ಒಂದು ಮನೆಯೂ ಖಾಲಿ ಇರುತ್ತಿರಲಿಲ್ಲ. ಅದರ ಜಂಬ ನನಗೆ ಸ್ವಲ್ಪ ಹೆಚ್ಚೇ ಇತ್ತು.

ಅಲ್ಲಿದ್ದ ಜಕ್ಕೂರಿನ ಅಜ್ಜಿಯೊಬ್ಬರಿಗೆ ಹೃದಯದ ಕಾಯಿಲೆ. ಸ್ನಾನ ಮಾಡಿ ದೀಪ ಹಚ್ಚುವ ತನಕ ಬಾಯಿಗೆ ಹನಿ ನೀರೂ ಹಾಕದವರು. ನಮ್ಮ ಹಂಡೆಯ ನೀರು ಕಾಯುತ್ತಿದ್ದುದೋ ಎಂಟರ ಮೇಲೆ. ನಾನು ಕೊಟ್ಟ ಮಾತ್ರೆಯನ್ನು ಕಣ್ಣಿಗೊತ್ತಿಕೊಂಡು ಸೊಂಟದ ಎಲೆಅಡಿಕೆ ಚೀಲಕ್ಕೆ ಸೇರಿಸುತ್ತಿದ್ದರು. ಆಮೇಲೆ ನುಂಗುತ್ತಾರೆ ಬಿಡು ಎಂದುಕೊಂಡು ನಾನು ಗುರುತು ಹಾಕಿ ಮುಂದಿನ ಮಂಚಕ್ಕೆ ಹೋಗುತ್ತಿದ್ದೆ. ಅಜ್ಜಿಗೆ ಮರೆವು ಇತ್ತು. ಅದೂ ನನಗೆ ಗೊತ್ತಿತ್ತು.

ಅವರ ಕಾಲಿನ ಬಾವು ಇಳಿಯಲಿಲ್ಲ. ಡಾಕ್ಟರು ಹಾಳೆ ನೋಡಿ, ದಿನವೂ ಮಾತ್ರೆ ಹೋಗಿದೆ ಎಂದು ನಂಬಿ, ಒಂದನ್ನು ಎರಡು ಮಾಡಿದರು. ಆಗಲೇ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಮಾರನೆಯ ದಿನದಿಂದ ಅಜ್ಜಿಗೆಂದೇ ಬೇಗ ನೀರು ಕಾಯಿಸಿ, ಸ್ನಾನ ಮಾಡಿಸಿ, ದೀಪ ಹಚ್ಚಿಸಿ, ಎರಡೂ ಮಾತ್ರೆಗಳನ್ನು ಎದುರೇ ನಿಂತು ನುಂಗಿಸಿದೆ. ಇಷ್ಟಕ್ಕೇ ಎಲ್ಲ ಸರಿಹೋಯಿತೆಂದು ಹಗುರವಾದೆ. ಎಂಥ ದಡ್ಡಿ ನಾನು.

ವಾರ ತುಂಬುವಷ್ಟರಲ್ಲಿ ಅಜ್ಜಿಗೆ ವಾಂತಿ ಹಿಡಿಯಿತು. ಹಾಲಿನ ಲೋಟ ನೋಡಿ, ಇದಕ್ಕೆ ಅರಿಶಿನ ಯಾಕೆ ಹಾಕಿದೆ ಎಂದು ಕೇಳಿದರು. ಹಾಲು ಬೆಳ್ಳಗೇ ಇತ್ತು. ಶನಿವಾರ ಡಾಕ್ಟರು ನಾಡಿ ಹಿಡಿದವರೇ, ವಾಂತಿ, ಕಣ್ಣಿಗೆ ಹಳದಿ ಕಾಣುವುದು ಎಲ್ಲ ಔಷಧಿ ಮಿತಿಮೀರಿದ ಗುರುತು ಎಂದು ಮಾತ್ರೆ ನಿಲ್ಲಿಸಿದರು. ಅಜ್ಜಿಯನ್ನು ಮಗ್ಗುಲಿಗೆ ಹೊರಳಿಸುವಾಗ ಚೀಲ ಬಿಚ್ಚಿಕೊಂಡು, ಸುಣ್ಣ ಮೆತ್ತಿದ ಹಳೆಯ ಮಾತ್ರೆಗಳು ಹಾಸಿಗೆಯ ಮೇಲೆ ಚೆಲ್ಲಿದವು. ಡಾಕ್ಟರು ಹಾಳೆ ನೋಡಿದರು. ಆಮೇಲೆ ನನ್ನ ಮುಖ ನೋಡಿದರು.

ಅಜ್ಜಿ ಕಷ್ಟಪಟ್ಟು ತಲೆಯೆತ್ತಿದರು. "ನುಂಗ್ದೆ ಅಂತ ನಾನೇ ದಿನಾ ಸುಳ್ಳು ಏಳ್ತಿದ್ದೆ ಸ್ವಾಮಿ. ಈ ಮಗಿಂದೇನೂ ತಪ್ಪಿಲ್ಲ."

ನಾನು ಬಗ್ಗಿ, ಚೆಲ್ಲಿದ ಮಾತ್ರೆಗಳನ್ನು ಒಂದೊಂದಾಗಿ ಹೆಕ್ಕತೊಡಗಿದೆ. ಸೋಮವಾರ ಅಜ್ಜಿ ತೀರಿಕೊಂಡರು.

ನುಂಗಿದೆ ಎಂದು ಅಜ್ಜಿ ನನಗೆ ಎಂದೂ ಹೇಳಿರಲಿಲ್ಲ. ನುಂಗಿದಿರಾ ಎಂದು ನಾನು ಒಂದು ದಿನವೂ ಕೇಳಿಯೇ ಇರಲಿಲ್ಲ.