ನಾಗಕ್ಕನ ಕೈಗುಣ

ಮೊನ್ನೆ ಶಿಡ್ಲಘಟ್ಟದ ಬಸ್ಸಿನಲ್ಲಿ ಯಾರೋ ಹಿಪ್ಪುನೇರಳೆ ಸೊಪ್ಪನ್ನು ಒದ್ದೆ ಗೋಣಿಯಲ್ಲಿ ಕಟ್ಟಿ ನನ್ನ ಕಾಲ ಬಳಿ ಇಟ್ಟರು. ಬಿಸಿಲಿಗೆ ಬಾಡಿದ ಸೊಪ್ಪು, ನೆಂದ ಗೋಣಿ, ಎರಡೂ ಸೇರಿದ ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಈ ವಯಸ್ಸಿನಲ್ಲೂ ನನ್ನ ಹೊಟ್ಟೆಯಲ್ಲಿ ಹಳೆಯ ಕಿಚ್ಚು ಎದ್ದಿತು. ನೀವೂ ಅಕ್ಕನ ಬೆನ್ನಿಗೆ ಹುಟ್ಟಿದವರಾದರೆ ಹೆಚ್ಚು ಹೇಳಬೇಕಾಗಿಲ್ಲ.

ನಮ್ಮೂರು ಶಿಡ್ಲಘಟ್ಟಕ್ಕೂ ಚಿಂತಾಮಣಿಗೂ ನಡುವೆ, ಚಪ್ಪಟೆ ಬಯಲಿನಲ್ಲಿತ್ತು. ಸಣ್ಣ ರೈಲು ನಿಲ್ಲುತ್ತದೆ ಅನ್ನುವ ಒಂದೇ ಕಾರಣಕ್ಕೆ ಪೇಟೆ ಅನ್ನಿಸಿಕೊಂಡಿತ್ತು. ಒಂದೇ ಬೀದಿ. ಆ ತುದಿಯಲ್ಲಿ ಸ್ಟೇಷನ್ನು, ಈ ತುದಿಯಲ್ಲಿ ನಮ್ಮ ಮನೆ, ನಡುವೆ ಶೆಟ್ಟರ ಅಂಗಡಿ, ಒಂದು ಕಾಫಿ ಹೋಟ್ಲು, ಯಾರದೋ ಜಗಲಿಯ ಮೇಲೆ ನಡೆಯುವ ಪೋಸ್ಟಾಫೀಸು. ಬೀದಿ ಮುಗಿದರೆ ರಾಗಿ ಹೊಲ, ಹೊಲ ಮುಗಿದರೆ ಆಕಾಶ. ರೈಲಿಗಿಂತ ಎಷ್ಟೋ ಮುಂಚೆ ಅದರ ಹೊಗೆ ಕಾಣುತ್ತಿತ್ತು, ಹೋಟ್ಲಿನವನು ಹೊಗೆ ನೋಡಿಯೇ ಹಾಲು ಕಾಯಲು ಇಡುತ್ತಿದ್ದ. ದೊಡ್ಡ ಊರುಗಳಲ್ಲಿ ಹೊಟ್ಟೆಕಿಚ್ಚು ನಾಲ್ಕಾರು ಜನರ ಮೇಲೆ ಹಂಚಿಹೋಗುತ್ತದೆ. ನಮ್ಮಂಥ ಊರಿನಲ್ಲಿ ಅಷ್ಟು ಜನ ಎಲ್ಲಿ ಸಿಗಬೇಕು? ನನಗೆ ಸಿಕ್ಕವಳು ನಾಗಕ್ಕ ಒಬ್ಬಳೇ, ಅದೂ ನನ್ನ ಪಕ್ಕದಲ್ಲೇ ಮಲಗುವವಳು.

ಆ ಮನೆಗೆ ಅಜ್ಜಿ ಯಜಮಾನಿ, ಅಜ್ಜಿಗೆ ರೇಷ್ಮೆ ಹುಳಗಳು ಯಜಮಾನರು. ನಡುಮನೆಯನ್ನು ಪೂರ್ತಿ ಹುಳದ ತಟ್ಟೆಗಳಿಗೆ ಬಿಟ್ಟುಕೊಟ್ಟು ನಾವು ಹಜಾರದಲ್ಲಿ ಒತ್ತಿಕೊಂಡು ಬದುಕುತ್ತಿದ್ದೆವು. ಕಾಲು ತೊಳೆಯದೆ ಒಳಗೆ ಹೋಗುವಂತಿರಲಿಲ್ಲ, ಒಗ್ಗರಣೆ ಹಾಕುವಾಗ ಆ ಬಾಗಿಲು ಮುಚ್ಚಬೇಕಿತ್ತು. ಹುಳ ಜೋರಾಗಿ ಮೇಯುವ ದಿನಗಳಲ್ಲಿ ಯಾರೋ ಒಂದೇ ಸಮನೆ ರಾಗಿ ಹಿಟ್ಟು ಜರಡಿ ಹಿಡಿಯುತ್ತಿರುವ ಹಾಗೆ ಸದ್ದು ಕೇಳುತ್ತಿತ್ತು. ಮೇದು ಮೇದು ಹುಳ ಹಣ್ಣಾಗುತ್ತಿತ್ತು. ಮೈ ಹೊಂಬಣ್ಣಕ್ಕೆ ತಿರುಗಿ, ಸೊಪ್ಪು ಮುಟ್ಟದೆ, ತಲೆಯೆತ್ತಿ ಆಡಿಸುತ್ತಿತ್ತು. ಆಗ ಅವನ್ನು ಆರಿಸಿ, ಗೂಡು ಕಟ್ಟಲು ಚಂದ್ರಿಕೆಗೆ, ಎಂದರೆ ಸುರುಳಿಯಾಗಿ ಪಟ್ಟಿ ಸುತ್ತಿದ ಬಿದಿರಿನ ತಡಿಕೆಗೆ, ಬಿಡಬೇಕು. ಮೊದಲ ಹುಳವನ್ನು ಕೈಗುಣ ಇರುವವರೇ ಬಿಡಬೇಕು, ಆಮೇಲೆ ಯಾರು ಬೇಕಾದರೂ ಕೈಹಾಕಬಹುದು. ನಮ್ಮ ಮನೆಯಲ್ಲಿ ಆ ಕೈ ನಾಗಕ್ಕನದು. ಅವಳು ಹುಟ್ಟಿದಾಗ ಗೂಡು ಬಂಗಾರದ ಹಾಗೆ ಬಂದಿತ್ತಂತೆ, ನಾನು ಹುಟ್ಟಿದಾಗ ಹುಳಕ್ಕೆ ರೋಗ ಬಿದ್ದಿತ್ತಂತೆ. ಇಷ್ಟಕ್ಕೇ ನಮ್ಮಿಬ್ಬರ ಹಣೆಬರಹ ತೀರ್ಮಾನವಾಗಿತ್ತು.

ಅಜ್ಜಿ ಮದನಪಲ್ಲಿ ಕಡೆಯವಳು. ಪ್ರೀತಿ ಉಕ್ಕಿದರೆ ತೆಲುಗು, ಸಿಟ್ಟು ಬಂದರೆ ಕನ್ನಡ. “ರಾ ನಾ ತಲ್ಲೀ” ಎಂದು ಅಕ್ಕನನ್ನು ಕೈಹಿಡಿದು ಒಳಗೆ ಕರೆದುಕೊಳ್ಳುವಳು, ನನಗೆ ಮಾತ್ರ “ಅಲ್ಲೇ ನಿಂತ್ಕಳೇ ಶಾರದಮ್ಮ, ಹೊಸ್ಲು ದಾಟ್ಬೇಡ.” ಹೀಗಾಗಿ ನಾನು ಅಚ್ಚ ಕನ್ನಡದಲ್ಲೇ ಬೆಳೆದೆ. ಅಕ್ಕ ಕೆಟ್ಟವಳಾಗಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು. ಅವಳೋ, ತನಗೆ ಸಿಕ್ಕ ಬೆಲ್ಲದಲ್ಲಿ ದೊಡ್ಡ ತುಂಡನ್ನು ನನ್ನ ಬಾಯಿಗೇ ಇಡುವವಳು. ಆ ಬೆಲ್ಲ ಚೀಪುತ್ತಲೇ ನಾನು ಹೊಟ್ಟೆ ಉರಿದುಕೊಳ್ಳುತ್ತಿದ್ದೆ.

ಕೈವಾರದ ಹತ್ತಿರದ ಊರಿಗೆ ಅಕ್ಕನನ್ನು ಕೊಟ್ಟರು. ಅವಳನ್ನು ರೈಲು ಹತ್ತಿಸುವಾಗ ಎಲ್ಲರ ಜೊತೆ ನಾನೂ ಕಣ್ಣೊರೆಸಿಕೊಂಡೆ. ಬೀದಿಯುದ್ದಕ್ಕೂ ನಡೆದು ವಾಪಸ್ಸು ಬರುವಾಗ ಮಾತ್ರ ‘ಇನ್ನು ನನ್ನ ಸರದಿ’ ಎಂದು ಮನಸ್ಸು ಕುಣಿಯುತ್ತಿತ್ತು. ಆ ಬೇಸಿಗೆಯ ಹುಳ ಹಣ್ಣಾಗುವ ಹಿಂದಿನ ದಿನ ಅಜ್ಜಿ ಅಪ್ಪನನ್ನು ಕರೆದು, “ನಾಗೂಗೆ ಹೇಳ್ಕಳಿಸಪ್ಪ, ನಾಳೆ ಮಧ್ಯಾಹ್ನದ ರೈಲಿಗೆ ಬಂದ್ಬಿಡ್ಲಿ” ಅಂದಳು. ಮರುದಿನ ಬೆಳಗ್ಗೆಯೇ ತಟ್ಟೆಗಳೆಲ್ಲ ಹೊಂಬಣ್ಣಕ್ಕೆ ತಿರುಗಿದ್ದವು. ಯಾರೂ ಕರೆಯದಿದ್ದರೂ ನಾನು ಸ್ನಾನ ಮಾಡಿ, ಕೈ ಉಜ್ಜಿ ತೊಳೆದು ಹೊಸ್ತಿಲ ಬಳಿ ನಿಂತೆ. ಮಧ್ಯಾಹ್ನವಾದರೂ ಬಯಲಿನಲ್ಲಿ ಹೊಗೆ ಕಾಣಲಿಲ್ಲ. ಗಾಳಿಗೆ ಹಳಿಯ ಮೇಲೆ ಮರ ಬಿದ್ದಿದೆ, ರೈಲು ಯಾವಾಗ ಬರುತ್ತದೋ ಗೊತ್ತಿಲ್ಲ ಎಂದು ಸ್ಟೇಷನ್ನಿನಿಂದ ಸುದ್ದಿ ಬಂತು.

“ಹುಳ ಕಾಯಲ್ಲ ಅತ್ತೆಮ್ಮ, ಶಾರದನ ಕೈಲೇ ಬಿಡ್ಸಣ” ಅಂದಳು ಅಮ್ಮ.

ಅಜ್ಜಿ ನನ್ನ ಕಡೆ ತಿರುಗಿ, ಮುಖ ನೋಡಿ, ಕೈ ನೋಡಿ, “ಇನ್ನೊಂದ್ ಗಳಿಗೆ ನೋಡಣ ತಡಿಯಮ್ಮ” ಅಂದಳು. ಗಳಿಗೆಯ ಮೇಲೆ ಗಳಿಗೆ ಹೋಯಿತು. ಹುಳಕ್ಕೆ ಯಾರ ಕೈಗುಣದ ಹಂಗೂ ಇಲ್ಲವಷ್ಟೆ. ಅವು ತಟ್ಟೆಯ ಸಂದಿಯಲ್ಲಿ, ಒಣಗಿದ ಎಲೆಯಲ್ಲಿ, ತಮ್ಮದೇ ಹಿಕ್ಕೆಯಲ್ಲಿ, ಒಂದಕ್ಕೊಂದು ಅಂಟಿಕೊಂಡು ಗೂಡು ಕಟ್ಟತೊಡಗಿದವು. ನೂಲು ಬಿಚ್ಚಲು ಬಾರದ, ಯಾರೂ ಕೊಳ್ಳದ ಹೊಲಸು ಗೂಡು. ಚಂದ್ರಿಕೆಗಳು ಗೋಡೆಗೊರಗಿ ಖಾಲಿ ನಿಂತಿದ್ದವು. ಒಂದಿಡೀ ಬೆಳೆ ಕೈಬಿಟ್ಟು ಹೋಗುವುದನ್ನು ಅಜ್ಜಿ ಕಣ್ಣಾರೆ ನೋಡುತ್ತ ಕೂತಳೇ ಹೊರತು ನನ್ನನ್ನು ಕರೆಯಲಿಲ್ಲ.

ಹೊತ್ತು ಇಳಿದ ಮೇಲೆ ಅಕ್ಕ ಸ್ಟೇಷನ್ನಿನಿಂದ ಓಡುತ್ತಲೇ ಬಂದಳು. ನಡುಮನೆಗೆ ಇಣುಕಿದವಳು ಮೊದಲ ಸಲ ಅಜ್ಜಿಯನ್ನು ಗದರಿದಳು. “ಏನಜ್ಜೀ ಇದು! ಶಾರದ ಇರ್ಲಿಲ್ವಾ ಮನೇಲಿ?”

“ಇದ್ಲು” ಅಂದಳು ಅಜ್ಜಿ.

ಸಿಟ್ಟಿನಿಂದ ಅಂದಿದ್ದರೆ ಜಗಳವಾಡಿ ಮರೆಯುತ್ತಿದ್ದೆ. ಅಕ್ಕ ಆ ಸಂಜೆ ನನ್ನ ತಲೆ ಬಾಚಿ ಜಡೆ ಹಾಕಿದಳು.

ಆ ಸಣ್ಣ ರೈಲು ಈಗಿಲ್ಲ, ನಮ್ಮೂರನ್ನು ಪೇಟೆ ಅನ್ನುವವರೂ ಇಲ್ಲ. ನಮ್ಮ ನಡುಮನೆ ಇದ್ದ ಜಾಗದಲ್ಲಿ ಯಾರದೋ ಗೊಬ್ಬರದ ಅಂಗಡಿ ಇದೆ. ಅಜ್ಜಿ ಹೋಗಿ ಎಷ್ಟೋ ಕಾಲವಾಯಿತು, ಹೋದ ವರ್ಷ ನಾಗಕ್ಕನೂ ಹೋದಳು. ಅವಳಷ್ಟು ನನ್ನನ್ನು ಪ್ರೀತಿಸಿದವರು ಇನ್ನೊಬ್ಬರಿಲ್ಲ. ಅವಳ ತಲೆದೆಸೆಯಲ್ಲಿ ಕೂತು ಅಳುವಾಗಲೂ, ಇಷ್ಟು ಹೊತ್ತಿಗೆ ಅಜ್ಜಿಯ ಹತ್ತಿರ ಸೇರಿರುತ್ತಾಳೆ, ಅಲ್ಲಿಗೂ ಇವಳೇ ಮೊದಲು ಹೋದಳು ಅನ್ನಿಸಿ ಹೊಟ್ಟೆ ಉರಿಯಿತು. ನಾಳೆ ನಾನು ಹೋದಾಗ ಅಜ್ಜಿ ತಲೆಯೆತ್ತಿ ನೋಡುತ್ತಾಳೋ ಇಲ್ಲವೋ. “ಶಾರದ ಬಂದ್ಲು ನೋಡಜ್ಜಿ” ಅಂತ ಹೇಳುವುದಕ್ಕೂ ನನಗೆ ಅಕ್ಕನೇ ಬೇಕು.