ಮೊದಲು ನೀರು ಇಳಿಸು

ಎಂಜಿನ್ನಿನ ಹೆಡ್ ಬಿಚ್ಚುವ ಕೆಲಸ ಈಗ ನನ್ನ ಸೊಂಟಕ್ಕೆ ಆಗುವುದಿಲ್ಲ. ಬಾನೆಟ್ಟಿನೊಳಗೆ ಅರ್ಧ ಮೈ ಬಗ್ಗಿಸಿ, ಪೈಪು, ವಾಯರು, ಬೋಲ್ಟು ಒಂದೊಂದೇ ಕಳಚಿ, ಆ ಭಾರವನ್ನು ಎತ್ತಿ ಕೆಳಗಿಡುವಷ್ಟರಲ್ಲಿ ಜೀವ ಹಣ್ಣಾಗಿರುತ್ತದೆ. ಪುಣೆಯ ಖಡಕಿ ಬಜಾರಿನ ಹಿಂದಿನ ಗಲ್ಲಿಯಲ್ಲಿ, ಅಪ್ಪ ಹಾಕಿದ ತಗಡಿನ ಶೆಡ್ಡಿನ ಕೆಳಗೆ, ಮೂವತ್ತೈದು ವರ್ಷ ಇದನ್ನೇ ಮಾಡಿದ್ದೇನೆ. ಎಷ್ಟು ಹೆಡ್ ಬಿಚ್ಚಿದೆನೋ ಲೆಕ್ಕವಿಲ್ಲ, ಯಾವುದೂ ನೆನಪಿಲ್ಲ. ಒಂದು ಮಾತ್ರ ತಲೆಯಿಂದ ಇಳಿಯುವುದೇ ಇಲ್ಲ. ಅದನ್ನು ಬಿಚ್ಚಲೇಬಾರದಿತ್ತು.

ಆಗ ಗ್ಯಾರೇಜಿನಲ್ಲಿ ನಾವಿಬ್ಬರಿದ್ದೆವು, ನಾನು ಮತ್ತು ನನ್ನ ತಮ್ಮ. ಅವನು ನನಗಿಂತ ಹನ್ನೆರಡು ವರ್ಷ ಚಿಕ್ಕವನು. ಬೋಲ್ಟು ತಿರುಗಿಸುವ ಮೊದಲ ಪಾನಾ ಅವನ ಕೈಗೆ ಕೊಟ್ಟವನೇ ನಾನು. ನಾನು ಗಾಡಿಯನ್ನು ಕಿವಿಯಿಂದ, ಮೂಗಿನಿಂದ ನೋಡುವವನು. ಅವನು ಲ್ಯಾಪ್‌ಟಾಪಿನಿಂದ ನೋಡುತ್ತಿದ್ದ. ಎಂಜಿನ್ನಿನ ಕಂಪ್ಯೂಟರಿಗೆ ಕೇಬಲ್ ಚುಚ್ಚಿ, ಡೀಸೆಲ್ ಎಷ್ಟು ಬೀಳಬೇಕು, ಟರ್ಬೊ ಎಷ್ಟು ಗಾಳಿ ತಳ್ಳಬೇಕು ಎಂದು ಬದಲಿಸಿ ಗಾಡಿಗೆ ಬಲ ಹೆಚ್ಚಿಸುತ್ತಿದ್ದ. ಅದಕ್ಕೆ ಅವರು ಮ್ಯಾಪ್ ಎನ್ನುತ್ತಾರೆ. ಕಂಪನಿಯವರೇನು ಹುಚ್ಚರೇ, ಅಷ್ಟು ಬಲ ಕೊಡಬೇಕಿದ್ದರೆ ಅವರೇ ಕೊಡುತ್ತಿರಲಿಲ್ಲವೇ ಎಂದು ನಾನು ಗೊಣಗುತ್ತಿದ್ದೆ. ನನ್ನ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ. ಅವನು ನಕ್ಕು ಮತ್ತೆ ಕೆಲಸಕ್ಕೆ ತಿರುಗುತ್ತಿದ್ದ. ಯೆರವಡಾದ ದೊಡ್ಡ ಗ್ಯಾರೇಜೊಂದರಿಂದ ಅವನಿಗೆ ಎರಡು ಸಲ ಕರೆ ಬಂದಿತ್ತು. "ಅಣ್ಣನ್ನ ಬಿಟ್ಟು ಎಲ್ಲಿ ಬರ್ಲಿರಿ?" ಎಂದು ಅವನು ನನ್ನೆದುರೇ ಫೋನಿನಲ್ಲಿ ಹೇಳಿದ್ದ. ಆಗ ಹೆಮ್ಮೆಯಾಗಿತ್ತು, ಆದರೆ ಬಾಯಿ ಬಿಟ್ಟು ಒಂದು ಮಾತೂ ಆಡಲಿಲ್ಲ.

ನಮ್ಮ ಗಿರಾಕಿಗಳಲ್ಲಿ ಭೋರ್ ಊರಿನಿಂದ ಅಕ್ಕಿ ಚೀಲ ತಂದು ಪುಣೆಯ ಅಂಗಡಿಗಳಿಗೆ ಹಾಕುವ ಒಬ್ಬ ವ್ಯಾಪಾರಿ ಇದ್ದ. ಧಾರವಾಡದ ಕಡೆಯವ, ನಮ್ಮ ಮಾತಿನವ. ಅವನ ಡೀಸೆಲ್ ಪಿಕಪ್ಪು ತುಂಬಿದ ಚೀಲ ಹೊತ್ತು ಕಾತ್ರಜ್ ಘಾಟ್ ಏರುವಾಗ ಏದುಸಿರು ಬಿಡುತ್ತಿತ್ತು. ತಮ್ಮ ಅದಕ್ಕೆ ಮ್ಯಾಪ್ ಹಾಕಿಕೊಟ್ಟಿದ್ದ. ಆರು ತಿಂಗಳು ಗಾಡಿ ಕುದುರೆಯ ಹಾಗೆ ಓಡಿತು, ವ್ಯಾಪಾರಿ ಸಿಕ್ಕವರಿಗೆಲ್ಲ ತಮ್ಮನ ಹೆಸರು ಹೇಳಿಕೊಂಡು ತಿರುಗಿದ. ಖರೆ ಹೇಳಬೇಕೆಂದರೆ ಅದೂ ನನಗೆ ಚುಚ್ಚುತ್ತಿತ್ತು.

ಆಮೇಲೆ ಒಂದು ಸೋಮವಾರ ಬೆಳಿಗ್ಗೆ, ಕಾರ್ಖಾನೆಯ ಭೋಂಗಾ ಕೂಗಿ ಸ್ವಲ್ಪ ಹೊತ್ತಿಗೆ, ಅದೇ ಪಿಕಪ್ಪು ಹಿಂದೆ ಬಿಳಿ ಹೊಗೆ ಬಿಡುತ್ತ ಗಲ್ಲಿಯೊಳಗೆ ಬಂತು.

"ಮಿಸ್ತ್ರಿ, ಗಾಡಿ ನೀರು ಕುಡೀಲಿಕ್ಕ ಹತ್ತೇದ್ರಿ," ಎಂದ ವ್ಯಾಪಾರಿ. "ದಿನಾ ತುಂಬಸ್ತೀನಿ, ದಿನಾ ಖಾಲಿ. ಕೆಳಗ ಒಂದ ಹನಿ ಬೀಳಂಗಿಲ್ಲ. ಘಾಟ್‌ನಾಗ ಬಿಸಿ ತೋರ್ಸೋ ಕಾಟಾ ಕೆಂಪಿಗೆ ಹೋಗ್ತದ."

ನೀರು ಹೊರಗೆ ಸೋರುತ್ತಿಲ್ಲ, ಹೊಗೆ ಬಿಳಿ, ಎಂಜಿನ್ ಕುದಿಯುತ್ತದೆ. ಎಂಥ ಹೊಸ ಮಿಸ್ತ್ರಿಗೂ ಮೊದಲು ತಲೆಗೆ ಬರುವುದು ಹೆಡ್ ಗ್ಯಾಸ್ಕೆಟ್ಟೇ. ಎಂಜಿನ್ನಿನ ಮೇಲಿನ ಭಾಗಕ್ಕೂ ಕೆಳಗಿನ ಭಾಗಕ್ಕೂ ನಡುವೆ ಕೂತು ಬೆಂಕಿ, ಎಣ್ಣೆ, ನೀರು ಮೂರನ್ನೂ ಬೇರೆ ಬೇರೆ ಇಡುವ ತೆಳ್ಳನೆಯ ತಗಡು ಅದು. ಬಲ ಹೆಚ್ಚಾದರೆ ಒಳಗಿನ ಒತ್ತಡ ಹೆಚ್ಚುತ್ತದೆ, ಒತ್ತಡ ಹೆಚ್ಚಾದರೆ ಮೊದಲು ಅದೇ ಒಡೆಯುತ್ತದೆ. ನನಗೆ ಒಳಗೊಳಗೇ ಒಂದು ಥರದ ಸಮಾಧಾನವಾಯಿತು. ನಾಚಿಕೆಗೇಡಿನ ಸಮಾಧಾನ ಅದು. ನೋಡು, ನಾನು ಹೇಳಿರಲಿಲ್ಲವೇ ಎಂದು ಅನ್ನಲು ಸಿಕ್ಕಿತಲ್ಲ ಎಂಬುದು.

ತಮ್ಮ ಡಿಪ್‌ಸ್ಟಿಕ್ ಎಳೆದು ನೋಡಿದ. "ಆಯಿಲ್ ಸ್ವಚ್ಛ ಅದ ಅಣ್ಣಾ. ಹೆಡ್ ಹೋಗಿದ್ರ ನೀರು ಕೂಡಿ ಮಜ್ಜಿಗಿ ಆಗಿರ್ತಿತ್ತು."

"ಎಲ್ಲಾ ಸಲ ಆಗಂಗಿಲ್ಲ," ಎಂದೆ.

"ಅದೂ ಖರೆ. ಆದ್ರ ಮೊದಲ ಇಜಿಆರ್ ಕೂಲರ್ ಬಿಚ್ಚೂಣು. ಒಂದ ತಾಸಿನ ಕೆಲಸ."

ಹೊರಹೋಗುವ ಹೊಗೆಯಲ್ಲಿ ಸ್ವಲ್ಪವನ್ನು ಮತ್ತೆ ಎಂಜಿನ್ನಿಗೆ ಕಳಿಸುವ ಮುಂಚೆ ತಣ್ಣಗೆ ಮಾಡುವ ಮೊಳದುದ್ದದ ಡಬ್ಬಿ ಅದು. ಒಳಗೆ ಸಣ್ಣ ಸಣ್ಣ ಸಂದುಗಳು, ಒಂದರಲ್ಲಿ ಹೊಗೆ, ಪಕ್ಕದ್ದರಲ್ಲಿ ನೀರು. ಅದು ಬಿರುಕು ಬಿಟ್ಟರೂ ನೀರು ಹೊಗೆಯೊಳಗೆ ಸೇರಿ ಹೀಗೇ ಆಗುತ್ತದೆ. ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಆದರೆ ನನಗೆ ಕೂಲರ್ ಬೇಕಿರಲಿಲ್ಲ, ಹೆಡ್ ಬೇಕಿತ್ತು.

ಅವನೇ ನನಗೆಂದು ತಂದುಕೊಟ್ಟ ಟೆಸ್ಟಿನ ನಳಿಗೆಯನ್ನು ಕಪಾಟಿನಿಂದ ತೆಗೆದೆ. ಗಾಜಿನ ನಳಿಗೆಯಲ್ಲಿ ನೀಲಿ ದ್ರಾವಣ ಹಾಕಿ, ರೇಡಿಯೇಟರಿನ ಬಾಯಿಗೆ ಕೂರಿಸಿ, ಮೇಲಿನ ರಬ್ಬರಿನ ಚೆಂಡು ಒತ್ತಿದರೆ ನೀರಿನ ಮೇಲಿನ ಗಾಳಿ ದ್ರಾವಣದೊಳಗೆ ಎಳೆದು ಬರುತ್ತದೆ. ನೀರಿಗೆ ಸುಟ್ಟ ಹೊಗೆ ಸೇರಿದ್ದರೆ ಡೀಸೆಲ್ ಗಾಡಿಯಲ್ಲಿ ನೀಲಿ ಹಸಿರಾಗುತ್ತದೆ.

"ಅಣ್ಣಾ, ಮೊದಲ ನೀರು ಇಳಸು," ಎಂದ ತಮ್ಮ. "ಇಲ್ಲಂದ್ರ ನೀರು ನಳಿಗ್ಯಾಗ ಬರ್ತದ."

"ನನಗ ಕಲಸ್ತೀಯೇನು? ನೀ ಚಡ್ಡಿ ಹಾಕ್ಕೊಂಡು ಅಡ್ಡಾಡೋವಾಗಿಂದ ಇದನ್ನ ಮಾಡ್ಲಿಕ್ಕ ಹತ್ತೀನಿ."

ಆ ನಳಿಗೆ ನಮ್ಮ ಗ್ಯಾರೇಜಿಗೆ ಬಂದು ಎರಡು ತಿಂಗಳೂ ಆಗಿರಲಿಲ್ಲ. ಸಿಟ್ಟಿನಲ್ಲಿ ಬಾಯಿಗೆ ಬಂದದ್ದೇ ಮಾತು. ನೀರು ಇಳಿಸದೇ ಚೆಂಡು ಒತ್ತಿದೆ. ಕೆಸರು ಬಣ್ಣದ ನೀರು ಒಂದಿಷ್ಟು ನಳಿಗೆಯೊಳಗೆ ಚಿಮ್ಮಿತು. ತುಕ್ಕಿನ ನೀರು ಎಂದುಕೊಂಡೆ. ನೋಡುತ್ತಿದ್ದಂತೆ ನೀಲಿ ಹಸಿರಾಯಿತು.

ನಾನು ಆ ನಳಿಗೆಯನ್ನು ಅವನ ಮುಖಕ್ಕೆ ಹಿಡಿದೆ. "ಏನಿದು? ನಿನ್ನ ಲ್ಯಾಪ್‌ಟಾಪ್ ಹೆಡ್ ತಿಂದದ! ಮಂದಿ ಗಾಡಿ ಹಾಳು ಮಾಡೋ ಈ ಕೆಲಸ ಇವತ್ತಿಗೇ ಬಂದ್. ಬ್ಯಾಡಂದ್ರ ಬೇರೆ ಕಡೆ ಹಾದಿ ನೋಡ್ಕೋ." ಗಲ್ಲಿಯ ಚಹಾದವನು "ಕಾಯ್ ಝಾಲಂ, ಮಾಮಾ?" ಎಂದು, ಏನಾಯಿತೆಂದು ಕೇಳುತ್ತ ಇಣುಕಿದ. ವ್ಯಾಪಾರಿ ನೆಲ ನೋಡುತ್ತ ನಿಂತ. ತಮ್ಮ ಒಂದೇ ಮಾತು ಹೇಳಿದ: "ಬಿಚ್ಚಿ ನೋಡು."

ಬಿಚ್ಚಿದೆ. ಎರಡು ದಿನ ಹಿಡಿಯಿತು, ಅವನೂ ಪಕ್ಕದಲ್ಲಿ ದುಡಿದ. ಮಂಗಳವಾರ ಮಧ್ಯಾಹ್ನ ಅವನು ಸಾಮಾನು ತರಲು ಹೋಗಿದ್ದಾಗ ನಾನೊಬ್ಬನೇ ಹೆಡ್ ಎತ್ತಿದೆ. ಗ್ಯಾಸ್ಕೆಟ್ ಅಚ್ಚುಕಟ್ಟಾಗಿ ಕೂತಿತ್ತು. ಎಲ್ಲೂ ಸುಟ್ಟಿಲ್ಲ, ಎಲ್ಲೂ ದಾರಿಯಾಗಿಲ್ಲ. ಹೆಡ್ಡಿನ ಮೇಲೆ ಸ್ಟೀಲಿನ ಪಟ್ಟಿ ಇಟ್ಟು ಕೆಳಗೆ ಬೆಳಕು ಹಾಯುತ್ತದೆಯೇ ನೋಡಿದೆ. ಕೂದಲೆಳೆಯಷ್ಟೂ ಸೊಟ್ಟಗಾಗಿರಲಿಲ್ಲ. ನೀರು ಹರಿಯುವ ತೂತುಗಳಲ್ಲಿ ಬೆರಳಾಡಿಸಿದೆ. ಬೆರಳು ಹಳದಿಯಾಗಿ ಬಂತು.

ತುಕ್ಕು ಹಾಗೆ ಹಳದಿಯಾಗಿರುವುದಿಲ್ಲ. ಬೆರಳು ಮೂಸಿ ನೋಡಿದೆ.

ಒಂದೂವರೆ ತಿಂಗಳ ಹಿಂದೆ ಅದೇ ವ್ಯಾಪಾರಿ, ರೇಡಿಯೇಟರ್ ಜಿನುಗುತ್ತಿದೆ, ಗಡಿಬಿಡಿ ಇದೆ ಎಂದು ಬಂದಿದ್ದ. ತಮ್ಮ ಊಟಕ್ಕೆ ಹೋಗಿದ್ದ. ಅಪ್ಪನ ಕಾಲದಿಂದ ನಮ್ಮ ಕೈಗೆ ಬಂದ ಮದ್ದೊಂದಿದೆ: ಜಿನುಗುವ ರೇಡಿಯೇಟರಿಗೆ ಅರಿಶಿಣ. ಬಿಸಿ ನೀರಿನಲ್ಲಿ ಉಬ್ಬಿ ಸಣ್ಣ ತೂತಿಗೆ ಹೋಗಿ ಕೂರುತ್ತದೆ. ದಸರೆಯ ಪೂಜೆಗೆಂದು ದೇವರ ಫೋಟೋ ಕೆಳಗೆ ಇಟ್ಟ ಡಬ್ಬಿಯಿಂದ ಒಂದು ಮುಷ್ಟಿ ತೆಗೆದು ಹಾಕಿ ಕಳಿಸಿದ್ದೆ. ದೇವರ ಅರಿಶಿಣ, ರಿಪೇರಿ ಪೂಜೆ ಎರಡೂ ಆಯಿತು ಎಂದು ನಕ್ಕಿದ್ದೆ ಕೂಡ. ಸಾರಿಗೆ ಉಪ್ಪು ಹಾಕಿದ್ದನ್ನು ಯಾರು ನೆನಪಿಡುತ್ತಾರೆ? ಮರೆತೇಬಿಟ್ಟಿದ್ದೆ. ನೀಲಿಯನ್ನು ಹಸಿರು ಮಾಡಿದ್ದು ಹೊಗೆಯಲ್ಲ, ನನ್ನ ಅರಿಶಿಣ.

ಕೂಲರ್ ಬಿಚ್ಚಿದೆ. ನೀರಿನ ಸಂದುಗಳೆಲ್ಲ ಹಳದಿ ಗಸಿಯಿಂದ ಕಟ್ಟಿಕೊಂಡಿದ್ದವು. ನೀರು ಹರಿಯದೆ, ಅಲ್ಲೇ ಕುದಿದು, ಒಂದು ಮೂಲೆಯಲ್ಲಿ ಬಿರುಕು ಬಿಟ್ಟಿತ್ತು. ಅಂದರೆ ಟೆಸ್ಟ್ ಕೆಡಿಸಿದ್ದು ಮಾತ್ರವಲ್ಲ, ಗಾಡಿ ಕೆಡಿಸಿದ್ದೂ ನಾನೇ. ಇಂಗು ತಿಂದ ಮಂಗನಂತೆ ಸ್ಟೂಲಿನ ಮೇಲೆ ಕೂತೆ.

ಆ ಹೊತ್ತಿಗೆ ತಮ್ಮ ಬಂದಿದ್ದರೆ ಹೇಳಿಬಿಡುತ್ತಿದ್ದೆನೋ ಏನೋ. ಬರಲಿಲ್ಲ. ನಾನು ಎದ್ದು, ಹೆಡ್ಡನ್ನೂ ಕೂಲರನ್ನೂ ಡೀಸೆಲ್ಲಿನಲ್ಲಿ ಉಜ್ಜಿದೆ. ಹಳದಿ ಹೋಗದೆ ಬಟ್ಟೆ ಒಗೆಯುವ ಸೋಪಿನ ಪುಡಿ ಕಲಸಿ ಬಕೆಟ್ಟಿನಲ್ಲಿ ತಿಕ್ಕಿದೆ. ಹಬ್ಬದ ಅಡುಗೆಗೆ ಉಟ್ಟ ಸೀರೆ ಒಗೆದ ಯಾವ ಹೆಂಗಸಾದರೂ ಹೇಳುತ್ತಾಳೆ, ಅರಿಶಿಣಕ್ಕೆ ಸೋಪು ಬಿದ್ದರೆ ಕೆಂಪಾಗುತ್ತದೆ ಎಂದು. ಬಕೆಟ್ಟಿನ ನೀರು ಕೆಂಪಗಾಯಿತು. ಚರಂಡಿಗೆ ಚೆಲ್ಲಿದೆ. ಎಲ್ಲಾ ತೊಳೆದು ಹೋಯಿತು ಎಂದುಕೊಂಡೆ.

ತಮ್ಮ ಬಂದಾಗ, "ಹೆಡ್ ಸರಿ ಅದ," ಎಂದೆ. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ಕೆಟ್ಟ ನಾಲಗೆ ನಿಲ್ಲಲಿಲ್ಲ. "ಕೂಲರ್ ಒಡದದ. ನಿನ್ನ ಮ್ಯಾಪಿನ ಬಿಸಿಗೇ ಒಡದದ."

ಅವನು ಕೂಲರನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. ಕೆಳಗಿಟ್ಟ. "ಹೌದೇನು?" ಎಂದ.

ಹೊಸ ಕೂಲರ್ ಕೂರಿಸಿದೆವು. ನಾನು ಹೇಳಿದಂತೆ ಮ್ಯಾಪ್ ತೆಗೆದು ಗಾಡಿಯನ್ನು ಮೊದಲಿನ ಹಾಗೆ ಮಾಡಿದ. ವ್ಯಾಪಾರಿ ಗಾಡಿ ಒಯ್ಯಲು ಬಂದಾಗ ತಮ್ಮ ಅವನಿಗೆ, "ತಪ್ಪು ನಂದ್ರಿ, ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ," ಎಂದು ಕೈ ಮುಗಿದ. ನಾನು ಅಲ್ಲೇ, ಎರಡು ಮಾರು ದೂರದಲ್ಲಿ, ಪಾನಾ ಒರೆಸುತ್ತ ನಿಂತಿದ್ದೆ. ಒರೆಸಿದ ಪಾನಾವನ್ನೇ ಮತ್ತೆ ಒರೆಸಿದೆ.

ಆಮೇಲೆ ದಿನಾ ಹೇಳಬೇಕೆಂದು ಬರುತ್ತಿದ್ದೆ. ಬೆಳಿಗ್ಗೆ ಶಟರ್ ಎತ್ತುವಾಗ ಹೇಳೋಣ ಅನ್ನಿಸುತ್ತಿತ್ತು, ಚಹಾ ಬಂದಾಗ ಹೇಳೋಣ ಅನ್ನಿಸುತ್ತಿತ್ತು. ಹೇಳದೆಯೇ ಸಂಜೆ ಶಟರ್ ಇಳಿಸುತ್ತಿದ್ದೆ. ಹಿರಿಯಣ್ಣನೆಂಬ ಭಾರ ಅಷ್ಟಿಷ್ಟಲ್ಲ ನೋಡಿ. ಹೊತ್ತು ಹೊತ್ತು ಸುಸ್ತಾದರೂ ಇಳಿಸಲು ಬರುವುದಿಲ್ಲ. ಅವನು ಮೊದಲಿಗಿಂತ ಹೆಚ್ಚು ಮೆತ್ತಗೆ ಮಾತಾಡುತ್ತಿದ್ದ, ಆಗಾಗ ಕೆಲಸ ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದ. ಅವನಿಗೆ ತಪ್ಪಿನ ಅರಿವಾಗಿದೆ ಎಂದು ನಾನು ತಿಳಿದೆ. ನನ್ನ ಬುದ್ಧಿಗೆ ಏನೆನ್ನಬೇಕು!

ಮುಂದಿನ ಬುಧವಾರ ಬೆಳಿಗ್ಗೆ ಅವನು ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿದ. "ಯೆರವಡಾಕ್ಕ ಹೊಂಟೀನಿ ಅಣ್ಣಾ. ನಾಳೆಯಿಂದ ಬಾ ಅಂದಾರ."

ಆಗ ಬಾಯಿ ತೆರೆಯಿತು. ಅರಿಶಿಣ, ಡಬ್ಬಿ, ನಳಿಗೆ, ಕೂಲರ್, ಎಲ್ಲವನ್ನೂ ಒಂದೇ ಉಸಿರಿಗೆ ಒದರಿಬಿಟ್ಟೆ. "ತಪ್ಪು ನಂದೋ ತಮ್ಮಾ. ಹೋಗಬ್ಯಾಡ," ಎಂದೆ. ಕಣ್ಣಲ್ಲಿ ನೀರು ಬಂದದ್ದು ಸುಳ್ಳಲ್ಲ.

ಅವನಿಗೆ ಆಶ್ಚರ್ಯವೇ ಆಗಲಿಲ್ಲ. "ನನಗ ಗೊತ್ತದ. ಅವತ್ತ ಸಾಮಾನು ತಗೊಂಡು ಬರೋವಾಗ ಚರಂಡ್ಯಾಗ ಕೆಂಪು ನೀರು ಹರೀಲಿಕ್ಕ ಹತ್ತಿತ್ತು. ನಿನ್ನ ಉಗುರೂ ಕೆಂಪಗಿದ್ವು."

"ಮತ್ಯಾಕ ಅನ್ಲಿಲ್ಲ?"

"ನೀ ಹೇಳ್ತೀಯಂತ ಕಾದೆ. ಎಂಟು ದಿನ ಕಾದೆ." ಚೀಲದ ಜಿಪ್ಪು ಎಳೆದ. "ಅರಿಶಿಣ ಹಾಕಿದ್ದಕ್ಕ ಯಾರರ ಮನಿ ಬಿಟ್ಟು ಹೋಗ್ತಾರೇನಣ್ಣಾ? ಅವತ್ತ ಹೇಳಿದ್ದರ ಇಬ್ಬರೂ ಕೂಡಿ ನಗ್ತಿದ್ವಿ. ನಾ ಆ ಮನುಷ್ಯಾಗ ಕೈ ಮುಗಿಯೋವಾಗ ನೀ ಪಾನಾ ಒರಸ್ಕೋತ ನಿಂತಿದ್ದಿ."

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ ಎನ್ನುತ್ತಾರೆ. ನಾನು ಕೊಯ್ದದ್ದು ಸಿಟ್ಟಿನಲ್ಲಿ ಒಂದು ಸಲ, ಶಾಂತವಾಗಿದ್ದುಕೊಂಡೇ ಎಂಟು ದಿನ.

ಮೊದಲು ಅಪ್ಪನ ಕಾಲದ ಪಾನಾ ಪೆಟ್ಟಿಗೆಗೆ, ಆಮೇಲೆ ನನ್ನ ಕಾಲಿಗೆ ನಮಸ್ಕಾರ ಮಾಡಿದ. ನಳಿಗೆಯ ಡಬ್ಬಿಯನ್ನು ಕಪಾಟಿನಿಂದ ತೆಗೆದು ನನ್ನ ಕೈಗಿಟ್ಟ. "ಇದು ನಿನಗಂತ ತಂದದ್ದು. ನೀನ ಇಟ್ಕೋ. ಮೊದಲ ನೀರು ಇಳಸು," ಎಂದು ಗಲ್ಲಿಯ ತಿರುವಿನಲ್ಲಿ ಮರೆಯಾದ.

ಹೋಗಿ ಎರಡು ವರ್ಷವಾಯಿತು. ಹಬ್ಬಕ್ಕೆ ಬರುತ್ತಾನೆ, ಊಟ ಮಾಡುತ್ತಾನೆ, ನನ್ನ ಸೊಂಟ ಹೇಗಿದೆ ಎಂದು ಕೇಳುತ್ತಾನೆ. ಗ್ಯಾರೇಜಿನ ಕಡೆ ಹಾಯುವುದಿಲ್ಲ. ವ್ಯಾಪಾರಿಗೆ ನಾನೇ ಹೋಗಿ ನಿಜ ಹೇಳಿದೆ. ಅವನು ಮ್ಯಾಪ್ ಮತ್ತೆ ಹಾಕಿಸಲು ಯೆರವಡಾಕ್ಕೆ ಹೋದ, ಈಗ ಎಲ್ಲ ಕೆಲಸಕ್ಕೂ ಅಲ್ಲಿಗೇ ಹೋಗುತ್ತಾನೆ.

ಕುದಿಯುವ ಗಾಡಿಗಳು ಈಗಲೂ ಬರುತ್ತವೆ. ನಾನು ಅವಸರ ಮಾಡುವುದಿಲ್ಲ. ಮೊದಲು ನೀರು ಇಳಿಸುತ್ತೇನೆ, ಆಮೇಲೆ ನಳಿಗೆ ಕೂರಿಸಿ, ಚೆಂಡು ಒತ್ತಿ ಕಾಯುತ್ತೇನೆ. ಒಮ್ಮೊಮ್ಮೆ ಹಸಿರಾಗುತ್ತದೆ, ಒಮ್ಮೊಮ್ಮೆ ನೀಲಿಯೇ ಉಳಿಯುತ್ತದೆ. ಯಾವ ಬಣ್ಣವಾದರೂ ಸರಿ, ನಳಿಗೆ ಎತ್ತಿ ಹಿಡಿದು, ನೋಡೋ ತಮ್ಮಾ ಎಂದು ಪಕ್ಕಕ್ಕೆ ತಿರುಗುತ್ತೇನೆ.