ದಂಡೋತಿಯ ಬೀಡಿನಲ್ಲಿ ಇಳಿದ ವಿಮಾನ

ಆ ದಿನಗಳಲ್ಲಿ ರಜಾಕಾರರ ಹಾವಳಿ ಮುಗಿದಿತ್ತು, ಅದರ ಹೆದರಿಕೆ ಮಾತ್ರ ನಮ್ಮ ದಂಡೋತಿಯನ್ನು ಬಿಟ್ಟು ಹೋಗಿರಲಿಲ್ಲ. ಹೊಸಬರು ಯಾರೇ ಬರಲಿ, ನನ್ನ ಅಜ್ಜಿ ಮೊದಲು ಅವರ ಕೈ ನೋಡುತ್ತಿದ್ದಳು, ಆಮೇಲೆ ಮುಖ.

ಒಂದು ಬೆಳಿಗ್ಗೆ ನಾವು ಹುಡುಗಿಯರು ಕಾಗಿಣಾ ಹೊಳೆದಂಡೆಯ ಬೀಡಿನಲ್ಲಿ, ಎಂದರೆ ಉಳದೆ ದನ ಮೇಯಲು ಬಿಟ್ಟ ಬಯಲಿನಲ್ಲಿ, ಎಳೆಜೋಳದ ಸೀತನಿ ಸುಟ್ಟು ತಿನ್ನುತ್ತಿದ್ದೆವು. ತಲೆಯ ಮೇಲೆ ವಿಮಾನವೊಂದು ಸುತ್ತತೊಡಗಿತು. ಅದರ ಎರಡು ಪಂಖಗಳಲ್ಲಿ ಒಂದು ನಿಂತೇಬಿಟ್ಟಿತ್ತು. ದನಗಳೆಲ್ಲ ಬೆದರಿ ಓಡಿದ ಮೇಲೆ ಅದು ಬೀಡಿಗೆ ಇಳಿದು, ಧೂಳೆಬ್ಬಿಸುತ್ತ ದೂರ ಓಡಿ ನಿಂತಿತು. ಸುಟ್ಟ ಎಣ್ಣೆಯ ನಾತಕ್ಕೆ ಸೀತನಿಯ ಘಮವೇ ಅಡಗಿಹೋಯಿತು.

ಕೊಡಲಿ, ಬಡಿಗೆ ಹಿಡಿದು ಊರೇ ಬಂತು. ಪೈಲಟ್ ಉರ್ದುವಿನಲ್ಲಿ ಹೇಳಿದ್ದನ್ನು ಗೌಡರು ಬಿಡಿಸಿ ಹೇಳಿದರು: “ಎಂಜಿನ್ ಎಣ್ಣಿ ಕಾರಲಿಕತ್ತಿತ್ತಂತ. ಬೆಂಕಿ ಹತ್ತಬಾರದಂತ ಇವರೇ ಬಂದ್ ಮಾಡ್ಯಾರಂತ.”

“ತಾನೇ ಬಂದ್ ಮಾಡ್ಯಾನಂತ! ಕೇಳ್ರಿ ಮಾತ!” ಎಂದಳು ಅಜ್ಜಿ. “ಇನ್ನೊಂದು ಪಂಖಾ ಛಲೋ ತಿರಗಲಿಕತ್ತಿತ್ತಲ್ಲ? ಬೇಕಂತಲೇ ಇಳಿಸ್ಯಾನ. ಒಳಗ ಬಂದೂಕ ಅವ ಗೌಡ್ರ.”

ಬೆಳೆ ಮೇಯ್ದ ದನವನ್ನು ಹಿಡಿದು ಕಟ್ಟುವಂತೆ ನಮ್ಮವರು ಮಿಣಿ ತಂದು, ವಿಮಾನದ ಗಾಲಿಯನ್ನು ಬನ್ನಿಗಿಡಕ್ಕೆ ಬಿಗಿದರು.

ಪ್ರಯಾಣಿಕರು ಇಳಿದು ತಮ್ಮ ಪೆಟ್ಟಿಗೆ ತೆರೆದು ತೋರಿಸಿದರು. ಒಬ್ಬ ಹೆಂಗಸು ಮಾತ್ರ ಬಟ್ಟೆ ಕಟ್ಟಿದ ಗಡಿಗೆಯನ್ನು ಎದೆಗವಚಿಕೊಂಡು ನಿಂತಿದ್ದಳು.

“ಅದರಾಗ ಏನದ? ಬಿಚ್ಚವ್ವ,” ಎಂದರು ಗೌಡರು.

ಅವಳು ಬಿಚ್ಚಲಿಲ್ಲ. ಬಂದೂಕಿನ ಮದ್ದಿರಬೇಕು ಎಂದು ಯಾರೋ ಅಂದರು. ಕೊಡಲಿಗಳು ಮೇಲೆದ್ದವು. ಆಕೆಯನ್ನು ಕಡಿದೇಬಿಡುತ್ತಾರೆ ಅಂದುಕೊಂಡೆ. ಅಷ್ಟರಲ್ಲಿ ಅಜ್ಜಿಯೇ ಗಡಿಗೆ ಕಸಿದು ಬಟ್ಟೆ ಕಿತ್ತಳು.

ಒಳಗೆ ಬೂದಿ. ಸತ್ತವರನ್ನು ಮಣ್ಣು ಮಾಡುವ ಲಿಂಗವಂತರು ನಾವು. ಜೋಪಾನವಾಗಿ ಕಟ್ಟಿಟ್ಟ ಬೂದಿಯೆಂದರೆ ನಮಗೆ ಗೊತ್ತಿದ್ದದ್ದು ಒಂದೇ.

“ವಿಭೂತಿ! ಮೊದಲೇ ಹೇಳಬಾರದೇನವ್ವ?” ಎಂದು ಅಜ್ಜಿ ನಾಚಿ, ಭಕ್ತಿಯಿಂದ ಹಣೆಗೆ ಹಚ್ಚಿಕೊಂಡಳು. ನನ್ನ ಹಣೆಗೂ ಬಳಿದಳು.

ಆಗ ಆ ಹೆಂಗಸು ಬಾಯಿ ಬಿಟ್ಟಳು. “ಮೇರಾ ಬೇಟಾ ಹೈ, ಅಮ್ಮಾ.” ಇದು ನನ್ನ ಮಗ ಎಂದಳು. ಮುಂಬಯಿಯಲ್ಲಿ ತೀರಿಕೊಂಡವನನ್ನು ತಮ್ಮೂರ ಕಡೆಯ ಗೋದಾವರಿಗೆ ಬಿಡಲು ಒಯ್ಯುತ್ತಿದ್ದಳು.

ಅಜ್ಜಿ ಹಣೆ ಒರೆಸಿಕೊಳ್ಳಲಿಲ್ಲ. ತನ್ನ ಸೆರಗು ಹರಿದು ಗಡಿಗೆಯ ಬಾಯಿ ಕಟ್ಟಿದಳು. ಅವರನ್ನೆಲ್ಲ ಚಿತ್ತಾಪುರ ಸ್ಟೇಷನ್ನಿಗೆ ಮುಟ್ಟಿಸುವ ಬಂಡಿಯಲ್ಲಿ ತಾನೂ ಹತ್ತಿ ಕುಳಿತಳು. ದಾರಿಯುದ್ದಕ್ಕೂ ಗಡಿಗೆ ಅಲುಗದಂತೆ ಆಕೆಯ ಜೊತೆ ತಾನೂ ಹಿಡಿದುಕೊಂಡಿದ್ದಳಂತೆ.

ಈಗ ವಿಮಾನ ನಿಲ್ದಾಣದಲ್ಲಿ ಮುದುಕಿಯಾದ ನನ್ನ ಬುತ್ತಿಗಂಟನ್ನೂ ಬಿಚ್ಚಿಸಿ ನೋಡುತ್ತಾರೆ, ಮುಂದಿನವರನ್ನು ಕರೆಯುತ್ತಾರೆ. ಅಜ್ಜಿಯ ಸಂಶಯವೆಲ್ಲ ಇವರಲ್ಲಿ ಹಾಗೆಯೇ ಉಳಿದಿದೆ. ಬಿಚ್ಚಿದ್ದನ್ನು ತಿರುಗಿ ಕಟ್ಟಿಕೊಟ್ಟು, ಜೊತೆಗೆ ಬಂಡಿ ಹತ್ತುವವರು ಮಾತ್ರ ನನಗೆ ಮತ್ತೆಲ್ಲೂ ಸಿಗಲಿಲ್ಲ.